ಕೊನೆಯ ರೊಟ್ಟಿ ಕೊಟ್ಟವನ ಹೆಸರು

ಗೋಡೆಯ ತುಂಬ ಹೆಸರುಗಳಿದ್ದವು. ಮೆರೂಷೆ ಕನ್ನಡಕವನ್ನು ಹಣೆಗೇರಿಸಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತು, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಕೆಳಗಿಳಿಯುತ್ತಿದ್ದಳು. ನಾಲ್ಕನೇ ಸಾಲಿನ ನಡುವೆ ಬೆರಳು ನಿಂತಿತು.

"ಇಲ್ಲಿದೆ ದೊಡ್ಡಮ್ಮ," ಎಂದಳು.

ಹಾವಾ ಬೆಂಚಿನಿಂದ ಎದ್ದು ಬಂದಳು. ಎಪ್ಪತ್ತೊಂಬತ್ತು ವರ್ಷದ ಮಂಡಿಗಳು ಏಳುವುದಕ್ಕೊಮ್ಮೆ ಕೂರುವುದಕ್ಕೊಮ್ಮೆ ಗೊಣಗುತ್ತಿದ್ದವು. ಅವಳ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ಮೆರೂಷೆಯೇ ಓದಿ ಹೇಳಿದಳು: ನೆವ್ರುಸ್ ಮೂಸಾ, ಹುಟ್ಟಿದ ವರ್ಷ, ಸತ್ತ ವರ್ಷ, ಸತ್ತ ಜಾಗ ತಾಮ್ರದ ಗಣಿ. ಹಾವಾ ಎರಡು ಬೆರಳುಗಳನ್ನು ತುಟಿಗೊತ್ತಿಕೊಂಡು ಆ ಹೆಸರಿನ ಮೇಲಿಟ್ಟಳು. ಮೂಲೆಯ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಕಾವಲಿನ ಹೆಂಗಸು ಗಾಜು ಮುಟ್ಟಬಾರದೆಂದು ಹೇಳಲು ಬಾಯಿ ತೆರೆದವಳು, ಮುದುಕಿಯ ಮುಖ ನೋಡಿ ಮತ್ತೆ ತನ್ನ ಹೆಣಿಗೆಗೆ ತಿರುಗಿದಳು.

ಚೌಕದ ಈ ದೊಡ್ಡ ಮ್ಯೂಸಿಯಮ್ಮಿಗೆ ಬಂದವರು ಸಾಮಾನ್ಯವಾಗಿ ಕೆಳಗಿನ ಹಜಾರದಿಂದ ಶುರುಮಾಡುತ್ತಾರೆ. ಅಲ್ಲಿ ಎರಡು ಸಾವಿರ ವರ್ಷದ ಶಿರಸ್ತ್ರಾಣಗಳು, ಮಣ್ಣಿನ ಕೊಡಗಳು, ಗೆದ್ದ ಯುದ್ಧಗಳ ನಕ್ಷೆಗಳು ಇವೆ. ಸೋತ ಯುದ್ಧಗಳ ನಕ್ಷೆಗಳನ್ನು ಯಾರೂ ಬರೆದಂತಿಲ್ಲ. ಮೆರೂಷೆ ದೊಡ್ಡಮ್ಮನನ್ನು ಅವೆಲ್ಲದರ ನಡುವೆ ದರದರ ಎಳೆದುಕೊಂಡು ಬಂದಿದ್ದಳು. ಹಾವಾ ಹಟ ಮಾಡಿ ನಿಂತದ್ದು ಒಂದೇ ಕಡೆ, ಹಳೆಯ ರಾಜರ ಹೆಸರಿದ್ದ ಫಲಕದ ಮುಂದೆ. ಬಾರ್ಧಿಲ್ ಎನ್ನುವುದು ಅಲ್ಲಿತ್ತು. ಅವಳಿಗೆ ಮಗ ಹುಟ್ಟಿದಾಗ, ಅಜ್ಜನ ಹೆಸರು ಬೇಡ, ಅದು ಹಿಂದುಳಿದವರ ಹೆಸರು, ದೇಶದ ಹೆಸರಿಡಿ ಎಂದು ಶಾಲೆಯ ಮೇಷ್ಟ್ರು ಬರೆದುಕೊಟ್ಟಿದ್ದರು. ಇಟ್ಟರು. ದೇಶ ಅವನನ್ನು ಇಪ್ಪತ್ತೆರಡು ವರ್ಷ ಇಟ್ಟುಕೊಂಡಿತು.

"ಸಿಕ್ಕಿತಲ್ಲ ಅಪ್ಪನ ಹೆಸರು, ಅತ್ತುಬಿಡು ಮಗಳೇ," ಎಂದಳು ಹಾವಾ.

ಮೆರೂಷೆ ಕನ್ನಡಕ ಇಳಿಸಿಕೊಂಡಳು. "ಅಳೋಕೆ ಬಂದಿಲ್ಲ ನಾನು. ಸತ್ತವರ ಹೆಸರು ಇಲ್ಲಿದೆ. ಕೊಲ್ಲಿಸಿದವರ ಹೆಸರು ಆ ಇನ್ನೊಂದು ಮನೇಲಿರತ್ತೆ. ನಡಿ ದೊಡ್ಡಮ್ಮ."

ಮೆರೂಷೆಗೆ ಐವತ್ಮೂರು. ಅಥೆನ್ಸಿನಲ್ಲಿ ಮನೆಗಳ ನೆಲ ಒರೆಸಲು ಹೋಗಿ ಇಪ್ಪತ್ತೈದು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ತನ್ನ ದೇಶದ ರಾಜಧಾನಿ ತಿರಾನಾಕ್ಕೆ ಬಂದಾಗ ಹಾವಾಳ ಮನೆಯಲ್ಲೇ ಇಳಿಯುವಳು. ಅವಳ ರಕ್ತದೊತ್ತಡದ ಮಾತ್ರೆ, ಮಂಡಿಗೆ ಹಚ್ಚುವ ಮುಲಾಮು, ಉಣ್ಣೆಯ ಕಾಲುಚೀಲ ಎಲ್ಲ ತರುವಳು. ರಕ್ತಸಂಬಂಧವೇನೂ ಇಲ್ಲ. ಮೆರೂಷೆಯ ಅಪ್ಪ ನೆವ್ರುಸ್ ಮತ್ತು ಹಾವಾಳ ಗಂಡ ಸೈನ್ಯದಲ್ಲಿದ್ದಾಗ ಬೆರಳು ಕುಯ್ದು ಅಣ್ಣತಮ್ಮಂದಿರಾದವರು. ಗಂಡ ಕಾಯಿಲೆಯಲ್ಲಿ ಬೇಗ ಹೋದ ಮೇಲೂ ನೆವ್ರುಸ್ ಗಡಿಯ ಹತ್ತಿರದ ತನ್ನೂರಿಂದ ಚೀಸು, ವಾಲ್‌ನಟ್ಟು ಕಳಿಸುವುದನ್ನು ತಪ್ಪಿಸಲಿಲ್ಲ. ಸಹಕಾರಿ ಸಂಘದ ಕುರಿ ಕಾಯುವವನು ಅವನು. ಗಡಿಯ ಕಾಲುದಾರಿಗಳೆಲ್ಲ ಅವನಿಗೆ ಗೊತ್ತಿದ್ದವು.

ಈ ಸಲ ಮೆರೂಷೆ ಬಂದದ್ದು ಬರೀ ಮುಲಾಮು ಕೊಡಲಿಕ್ಕಲ್ಲ. ಅಪ್ಪನನ್ನು ಹಿಡಿದುಕೊಟ್ಟವರು ಯಾರೆಂದು ಕಾಗದದಲ್ಲಿ ನೋಡಬೇಕಿತ್ತು. ಬಾಯಿಮಾತಿನಲ್ಲಿ ಅದು ಮೂವತ್ತೈದು ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಝೆನೆಪೆ, ಹಾವಾಳ ನಾದಿನಿ.

ಚೌಕ ದಾಟಿ, ಮೂಲೆಯ ಅಂಗಡಿಯಲ್ಲಿ ಇಬ್ಬರೂ ಪಾಲಕ್ ಹಾಕಿದ ಬ್ಯುರೆಕ್ ತಿಂದು ಮಜ್ಜಿಗೆ ಕುಡಿದರು. ಕಾಗದ ಸಿಕ್ಕಿದರೆ ಅದನ್ನು ಜೆರಾಕ್ಸ್ ಮಾಡಿಸಿ ಝೆನೆಪೆಯ ಬಾಗಿಲಿಗೆ ಅಂಟಿಸುವುದಾಗಿ ಮೆರೂಷೆ ಹೇಳಿದಳು. ಅವಳ ಕಟ್ಟಡದ ಪ್ರತಿ ಮಹಡಿಗೂ ಒಂದೊಂದು. ಹಾವಾ ನಕ್ಕಳು. ಝೆನೆಪೆಯ ಹೆಸರೆತ್ತಿದರೆ ಅವಳಿಗೆ ಹಸಿವೆ ಹೆಚ್ಚುತ್ತಿತ್ತು. ಇನ್ನೊಂದು ತುಂಡು ಬ್ಯುರೆಕ್ ತರಿಸಿಕೊಂಡಳು. ಊರಲ್ಲಿ, ನೆಂಟರಲ್ಲಿ, ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ, ಝೆನೆಪೆ ಕಾಲಿಟ್ಟಲ್ಲಿ ತಾನು ಕೂರುವುದಿಲ್ಲ ಎಂದು ಹಾವಾ ಹೇಳಿಟ್ಟಿದ್ದಳು. ಮಗನನ್ನು ಕಳೆದುಕೊಂಡವಳ ಮಾತು, ಯಾರು ತೆಗೆದುಹಾಕುತ್ತಾರೆ? ಝೆನೆಪೆಗೆ ಕರೆ ಹೋಗುವುದೇ ನಿಂತಿತು. ಅವಳ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದದ್ದೂ ಹಾವಾ ಗಂಡಿನ ಮನೆಗೆ ಹೇಳಿ ಕಳಿಸಿದ ಒಂದು ಮಾತಿನಿಂದ. ಆ ಮಗಳು ಈಗ ಇಟಲಿಯಲ್ಲಿ ಎಲ್ಲೋ ಇದ್ದಾಳಂತೆ. ಬರುವುದಿಲ್ಲ.

ಆದದ್ದಿಷ್ಟು. ಗಡಿ ದಾಟುವುದೇ ದೇಶದ್ರೋಹವಾಗಿದ್ದ ಕಾಲ. ಬಾರ್ಧಿಲ್ ಗ್ರೀಸಿಗೆ ಓಡಿಹೋಗುವ ಮುನ್ನ ಅಮ್ಮನೊಬ್ಬಳಿಗೇ ಹೇಳಿದ್ದ: ನೆವ್ರುಸ್ ಚಿಕ್ಕಪ್ಪನ ಮನೆಯಲ್ಲಿ ಉಂಡು ಹೊರಡುತ್ತೇನೆ, ನನ್ನ ಹೊಟ್ಟೆಯ ಚಿಂತೆ ಮಾಡಬೇಡ. ಹೋದ. ಮೂರು ವಾರ ಸುದ್ದಿಯಿಲ್ಲ. ಮಾರ್ಚಿನ ಒಂದು ಮಧ್ಯಾಹ್ನ 'ಶಾಖೆ'ಯ ಇಬ್ಬರು ಬಂದರು. ಗುಪ್ತ ಪೊಲೀಸರ ಆ ಕಚೇರಿಗೆ ಉದ್ದದ ಹೆಸರೊಂದಿತ್ತು, ಜನ ಬರೀ ಶಾಖೆ ಎನ್ನುತ್ತಿದ್ದರು, ಅದನ್ನೂ ಮೆಲ್ಲಗೆ. ಹೊಸ್ತಿಲ ಹೊರಗೇ ನಿಂತು, ನಿನ್ನ ಮಗ ಗಡಿಯಲ್ಲಿ ಗುಂಡು ತಗುಲಿ ಸತ್ತ, ಹೆಣ ಕೊಡುವುದಿಲ್ಲ, ದೇಶದ್ರೋಹಿಗೆ ಅಳುವುದು ಕೂಡದು ಎಂದು ಹೇಳಿ ಹೋದರು.

ಆಗ ಮನೆಯಲ್ಲಿದ್ದದ್ದು ಹಾವಾ ಮತ್ತು ಝೆನೆಪೆ ಇಬ್ಬರೇ. ಝೆನೆಪೆ ಕಿಟಕಿಗೆ ಕಂಬಳಿ ತೂಗುಹಾಕಿದಳು. ಅಡಿಗೆಮನೆಗೆ ಓಡಿ ನಲ್ಲಿ ತಿರುಗಿಸಿದಳು. ಆ ಕಾಲದಲ್ಲಿ ಪಕ್ಕದ ಮನೆಗೆ ಕೇಳಬಾರದ ಮಾತಿದ್ದರೆ ಎಲ್ಲರೂ ಮೊದಲು ನಲ್ಲಿ ಬಿಡುತ್ತಿದ್ದರು. ಅಷ್ಟು ಹೊತ್ತಿನಲ್ಲಿ ನೀರಿರಲಿಲ್ಲ, ತಿರಾನಾದಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ಮತ್ತು ಸಂಜೆ ಮಾತ್ರ. ಹಾವಾ ನೆಲದ ಮೇಲೆ ಕೂತು, ಮಂಡಿಗೆ ಕೈ ಬಡಿದುಕೊಂಡು, ಹಾಡಿ ಅತ್ತಳು. ಆರು ದಿನದ ಮೇಲೆ ನೆವ್ರುಸ್‌ನನ್ನು ಕುರಿಗಳ ನಡುವಿನಿಂದ ಹಿಡಿದುಕೊಂಡು ಹೋದರು. ಹನ್ನೆರಡು ವರ್ಷದ ಶಿಕ್ಷೆ. ಮೂರನೇ ವರ್ಷ ಗಣಿಯಲ್ಲಿ ಸತ್ತ. ಹಾವಾಳನ್ನು ಜೌಗು ಸೀಮೆಯ ಹಳ್ಳಿಯೊಂದಕ್ಕೆ ದಬ್ಬಿದರು, ಆರು ವರ್ಷ ಹತ್ತಿ ಬಿಡಿಸಿದಳು. ಝೆನೆಪೆಯನ್ನು ಮೂರು ದಿನ ವಿಚಾರಿಸಿ ಬಿಟ್ಟರು. ನೇಯ್ಗೆ ಕಾರ್ಖಾನೆಯ ಕೆಲಸವೂ ಉಳಿಯಿತು. ಇನ್ನು ಬೇರೆ ಸಾಕ್ಷಿ ಯಾಕೆ?

"ಮನೇಲಿ ಕದ್ದು ಕೇಳೋ ಯಂತ್ರ ಇಟ್ಟಿರಬಹುದಾ ಅಂತ ಒಂದ್ಸಲಾನೂ ಅನ್ನಿಸಲಿಲ್ವಾ ನಿಂಗೆ?" ಮೆರೂಷೆ ಕೇಳಿದಳು.

"ನಾವೇನು ರಾಯಭಾರಿಗಳಾ? ಅವೆಲ್ಲ ದುಬಾರಿ ಸಾಮಾನು, ವಿದೇಶದವರಿಗೆ, ದೊಡ್ಡವರಿಗೆ. ನಮ್ಮಂಥವರಿಗೆ ಮನುಷ್ಯರ ಕಿವೀನೇ ಸಾಕಾಗ್ತಿತ್ತು," ಎಂದಳು ಹಾವಾ. ಇದನ್ನು ಅವಳು ಹಿಂದೆಯೂ ಬಹಳ ಸಲ ಹೇಳಿದ್ದಳು.

ಶಾಖೆಯವರು ಕೂತು ಕೇಳುತ್ತಿದ್ದ ಮನೆ ಅಲ್ಲಿಂದ ದೂರವಿರಲಿಲ್ಲ. ಎರಡು ಅಂತಸ್ತಿನ ಹಳೇ ಬಂಗಲೆ, ಗೋಡೆಯ ತುಂಬ ಬಳ್ಳಿ. ಆ ಕಾಲದಲ್ಲಿ ಜನ ಅದರ ಮುಂದೆ ಹಾಯುವಾಗ ಬಿರುಸಾಗಿ ಕಾಲು ಹಾಕುತ್ತಿದ್ದರು. ಈಗ ಒಳಗೆ ಹೋಗಲು ಟಿಕೆಟ್ಟಿದೆ. ಬಾಗಿಲಲ್ಲಿ ಕೂತಿದ್ದ ಮೇಲ್ವಿಚಾರಕ ನಲವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ಹಾವಾಳ ವಯಸ್ಸು ನೋಡಿ ಅವಳಿಗೆ ಟಿಕೆಟ್ ಬೇಡವೆಂದ. ಆರು ವರ್ಷ ಹತ್ತಿ ಬಿಡಿಸಿದ್ದಕ್ಕೆ ಇದಾದರೂ ಮಾಫಿ ಆಯಿತಲ್ಲ ಎಂದು ಅವಳು ಒಳಗೆ ಹೋದಳು.

ಕೋಣೆಗಳು ತಣ್ಣಗಿದ್ದವು. ಬಟನ್ನಿನಲ್ಲಿ ಕ್ಯಾಮೆರಾ, ಕೈಚೀಲದಲ್ಲಿ ಕ್ಯಾಮೆರಾ, ಪೊರಕೆಯ ಹಿಡಿಯಲ್ಲಿ ಮೈಕು. ಪೊರಕೆಯ ಮುಂದೆ ಹಾವಾ, "ಗುಡಿಸೋ ಪೊರಕೇನೂ ಬಿಡಲಿಲ್ವಲ್ಲೋ," ಎಂದು ಯಾರಿಗೋ ಬೈದಳು. ಒಂದು ಕೋಣೆಯನ್ನು ಆ ಕಾಲದ ಮನೆಯ ನಡುಮನೆಯಂತೆ ಮಾಡಿ ಇಟ್ಟಿದ್ದರು: ಗಾಜಿನ ಬೀರುವಿನಲ್ಲಿ ಆರು ಕಾಫಿ ಬಟ್ಟಲು, ಮೇಜಿನ ಮೇಲೆ ಕ್ರೋಶಾ ಹಾಕಿದ ಬಿಳಿಯ ಹೊದಿಕೆ, ಅದರ ಮೇಲೆ ರೇಡಿಯೋ. ಅವಳ ಮನೆಯಲ್ಲೂ ಇಂಥದೇ ಇತ್ತು. ಬಾರ್ಧಿಲ್ ಹೋದ ಮೇಲೆ ಅದು ಕೆಟ್ಟುಹೋಗಿತ್ತು, ರಿಪೇರಿಗೆ ಕೊಟ್ಟಿದ್ದಳು. ರೇಡಿಯೋ ಕೊಟ್ಟರೆ ಮೂರು ತಿಂಗಳು ಅಲೆಯಬೇಕಾದ ಕಾಲವದು. ರಿಪೇರಿಯವನು ಎರಡೇ ದಿನಕ್ಕೆ ತಾನೇ ಮನೆಗೆ ತಂದಿಟ್ಟು, ದುಡ್ಡೂ ತೆಗೆದುಕೊಳ್ಳದೆ ಹೋಗಿದ್ದ. ಎಷ್ಟು ಒಳ್ಳೆಯವನೆಂದು ಅವಳು ಅವನ ಕೈಗೆ ಒಂದು ತಟ್ಟೆ ಬ್ಯುರೆಕ್ ಕೊಟ್ಟು ಕಳಿಸಿದ್ದಳು. ಅದು ನೆನಪಾದದ್ದೇ ಹಾವಾ ಬಗ್ಗಿ ಈ ರೇಡಿಯೋದ ಬೆನ್ನನ್ನೊಮ್ಮೆ ನೋಡಿದಳು. ಯಾಕೆಂದು ತಿಳಿಯಲಿಲ್ಲ.

ಪಕ್ಕದ ಕೋಣೆಯಲ್ಲಿ ಟೇಪುಗಳಿದ್ದವು. ಗೋಡೆಗೆ ಐದಾರು ಹೆಡ್‌ಫೋನು ನೇತುಹಾಕಿ, ಪ್ರತಿಯೊಂದರ ಕೆಳಗೂ ಬೆಂಚು ಹಾಕಿದ್ದರು. ಮೆರೂಷೆ ಗಾಜಿನ ಪೆಟ್ಟಿಗೆಗಳಲ್ಲಿದ್ದ ಕಾಗದಗಳಲ್ಲಿ ಝೆನೆಪೆಯ ಹೆಸರು ಹುಡುಕತೊಡಗಿದಳು. ಹಾವಾ ಕೂತಳು. ಬೆಂಚು ಸಿಕ್ಕಿದ್ದೇ ಭಾಗ್ಯವಾಗಿತ್ತು. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ತಲೆಯ ಮೇಲಿದ್ದ ಹೆಡ್‌ಫೋನನ್ನು ಇಳಿಸಿ ಕಿವಿಗಿಟ್ಟುಕೊಂಡಳು.

ಮೊದಲು ಬರೀ ಗರಗರ. ಆಮೇಲೆ ಏನೋ ಭಾರದ ಬಟ್ಟೆ ಎಳೆದ ಸದ್ದು. ದೂರದಲ್ಲಿ ಒಂದು ನಲ್ಲಿ ತಿರುಗಿತು, ಕೆಮ್ಮಿತು, ಗಾಳಿ ಕಕ್ಕಿತು, ನಿಂತಿತು. ಆಮೇಲೆ ಒಬ್ಬಳು ಹೆಂಗಸು ಹಾಡಿ ಅಳತೊಡಗಿದಳು.

ನಮ್ಮ ಕಡೆಯವಳು ಎಂದುಕೊಂಡಳು ಹಾವಾ. ಲಾಬ್ ಗುಡ್ಡಗಳ ರಾಗ, ಸಾಲಿನ ಕೊನೆಯಲ್ಲಿ ಉಸಿರು ಹಿಡಿದು ಒಮ್ಮೆಲೇ ಬಿಡುವುದು. ಚೆನ್ನಾಗಿ ಅಳುತ್ತಾಳೆ. ಈಗಿನ ಹುಡುಗಿಯರಿಗೆ ಇದು ಬರುವುದಿಲ್ಲ, ಸಾವಿನ ಮನೆಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಹೋಗುತ್ತಾರೆ.

"ಗುಡ್ಡದ ಗೂಡಿನ ಹಕ್ಕಿ, ಕಪ್ಪು ಹುಬ್ಬಿನ ನನ್ನ ಮಗನೇ,
ಯಾವ ಕಲ್ಲಿಗೆ ತಲೆ ಕೊಟ್ಟೆಯೋ, ಯಾರು ಕಣ್ಣು ಮುಚ್ಚಿದರೋ..."

ಮಗನ ಹೆಸರು ಬರುವ ಕಡೆ ಟೇಪು ಮೌನವಾಯಿತು. ಅಲ್ಲಿಯ ದನಿಯನ್ನು ಅಳಿಸಿದ್ದರು. ಹಾವಾಳ ತುಟಿಗಳು ತಾವಾಗಿಯೇ ಆ ಜಾಗ ತುಂಬಿದವು, ಬಾರ್ಧಿಲ್ ಎಂದು. ಮಗ ಸತ್ತ ಯಾವ ತಾಯಿಯ ಅಳುವಿನಲ್ಲೂ ಅವಳು ಇದೇ ಹೆಸರು ತುಂಬುತ್ತಿದ್ದದ್ದು. ಆಗ ಟೇಪಿನಲ್ಲಿ ಇನ್ನೊಂದು ದನಿ ಕೇಳಿಸಿತು, ತೀರ ಹತ್ತಿರದಿಂದ, ಗಾಬರಿಯಲ್ಲಿ.

"ಮೆತ್ತಗೆ ಅತ್ತಿಗೆ. ಹೆಸರು ಬೇಡ. ಹೆಸರು ಹೇಳಬೇಡ ಅತ್ತಿಗೆ."

ಅದು ಝೆನೆಪೆ.

ತನ್ನ ದನಿ ತನಗೆ ಯಾರಿಗೆ ಗೊತ್ತಿರುತ್ತದೆ? ಹಾವಾ ಮೊದಲು ಗುರುತಿಸಿದ್ದು ನಾದಿನಿಯ ದನಿಯನ್ನು. ಮೂವತ್ತೈದು ವರ್ಷ ದ್ವೇಷಿಸಿದ ದನಿಯದು. ಆಮೇಲೆ ನೆನಪಾಯಿತು: ಝೆನೆಪೆ ತನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ತಾನು ಆ ಕೈಯನ್ನು ಕಚ್ಚಿ ದಬ್ಬಿದ್ದಳು. ಟೇಪಿನಲ್ಲಿ ಒಂದು ಸಣ್ಣ ಚೀತ್ಕಾರವೂ ಇತ್ತು. ಅದರ ಬೆನ್ನಿಗೆ ಹಾಡು ಇನ್ನೂ ಎತ್ತರಕ್ಕೆ ಹೋಯಿತು.

"ಹಸಿದು ಹೋಗಲಿಲ್ಲ ನೀನು, ಹಸಿದು ಹೋಗಲಿಲ್ಲ,
ಕೊನೆಯ ರೊಟ್ಟಿ ಮುರಿದು ಕೊಟ್ಟ ಕೈಗೆ ನೂರು ಶರಣು,
ಅಪ್ಪನ ರಕ್ತದ ತಮ್ಮ..."

ಮತ್ತೆ ಮೌನ. ಹೆಸರಿನಷ್ಟೇ ಉದ್ದದ ಮೌನ. ಆಮೇಲೆ ಅಳು, ಗರಗರ.

ಹಾವಾ ಹೆಡ್‌ಫೋನು ತೆಗೆಯಲಿಲ್ಲ. ಅವಳ ಊರ ಕಡೆ ಸತ್ತವನಿಗಾಗಿ ಹಾಡುವಾಗ ಅವನಿಗೆ ಕೊನೆಯ ಊಟ ಹಾಕಿದವರ ಹೆಸರನ್ನು ಬಿಡುವಂತಿಲ್ಲ. ಬಿಟ್ಟರೆ ಸತ್ತವನು ಹಸಿದೇ ಹೋದಂತೆ, ಇಕ್ಕಿದವನಿಗೆ ಉಗಿದಂತೆ. ಅವಳ ಅಮ್ಮ ಹಾಗೆ ಹಾಡಿದ್ದಳು, ಅಜ್ಜಿ ಹಾಡಿದ್ದಳು. ಆ ಹೆಸರನ್ನು ತಾನು ಯಾರಿಗೂ ಹೇಳಿದವಳಲ್ಲ ಎಂದು ಹಾವಾ ಇಷ್ಟು ವರ್ಷ ಆಣೆ ಮಾಡಿ ಹೇಳುತ್ತ ಬಂದಿದ್ದಳು, ಸುಳ್ಳು ಹೇಳುತ್ತಿರಲೂ ಇಲ್ಲ. ಹಾಡಿ ಅತ್ತದ್ದು ಹೇಳಿದ್ದೆಂದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ.

"ಇದು ನೋಡು ದೊಡ್ಡಮ್ಮ, ಎಂಥ ಪಿಶಾಚಿಗಳು," ಎಂದಳು ಮೆರೂಷೆ. ಬೆಂಚಿನ ಪಕ್ಕದ ಗಾಜಿನ ಕೆಳಗಿದ್ದ ಟೈಪು ಮಾಡಿದ ಹಾಳೆಯ ಮೇಲೆ ಅವಳು ಬಗ್ಗಿದ್ದಳು. ಹೆಸರುಗಳಿಗೆಲ್ಲ ಕಪ್ಪು ಬಳಿದಿತ್ತು. ಹಾವಾ ಒಂದು ಕಿವಿ ಬಿಡಿಸಿಕೊಂಡಳು. ಮೆರೂಷೆ ಗಟ್ಟಿಯಾಗಿ ಓದಿದಳು:

"'ತಾಯಿಯು ಲಾಬ್ ಗುಡ್ಡಗಾಡಿನವಳಿರುತ್ತಾಳೆ. ಆ ಭಾಗದ ಹೆಂಗಸರು ಸತ್ತವರಿಗಾಗಿ ಹಾಡಿ ಅಳುವಾಗ ಕೊನೆಯ ಊಟವಿಕ್ಕಿದವರ ಹೆಸರನ್ನು ಹೇಳದೆ ಬಿಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಉಪಕರಣವನ್ನು ಅಳವಡಿಸಿದ ನಂತರವೇ ಸಾವಿನ ಸುದ್ದಿಯನ್ನು ತಿಳಿಸತಕ್ಕದ್ದು. ಅಳಕೂಡದೆಂದು ಎಚ್ಚರಿಕೆ ಕೊಡತಕ್ಕದ್ದು, ಇಲ್ಲವಾದರೆ ಬೀದಿಗೆ ಬಂದು ಅತ್ತಾಳು. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ತಪ್ಪಿಸತಕ್ಕದ್ದು.'"

ಅವಳು ಹಾಳೆಯ ಮೇಲಿನ ಎರಡು ತಾರೀಕುಗಳನ್ನು ಬೆರಳಲ್ಲಿ ಎಣಿಸಿದಳು. "ಹುಡುಗ ಸತ್ತು ಹದಿನೆಂಟು ದಿನ ಸುದ್ದಿ ಮುಚ್ಚಿಟ್ಟಿದಾರೆ. ಬರೆದವನೂ ನಮ್ಮ ಕಡೆಯವನೇ ಇರಬೇಕು, ಇಲ್ದಿದ್ರೆ ಇದೆಲ್ಲ ಹೇಗೆ ಗೊತ್ತಾಗತ್ತೆ? ಪಾಪ, ಯಾರ ತಾಯೋ. ತನ್ನ ಬಾಯಿಂದಾನೇ ಒಬ್ಬನ್ನ ಕೊಂದಳು. ಅವಳಿಗೆ ಗೊತ್ತೂ ಇಲ್ವೇನೋ." ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. "ಆ ವರ್ಷ ಎಷ್ಟು ಜನ ಗಡಿ ಹಾರಿದರೋ ಏನೋ. ಝೆನೆಪೆ ಹೆಸರು ಇಲ್ಲಂತೂ ಇಲ್ಲ. ನಾಳೆ ಕಡತದ ಕಚೇರಿಗೇ ಹೋಗೋಣ."

ಹಾವಾ ಸುಮ್ಮನಿದ್ದರೆ ಆಗುತ್ತಿತ್ತು. ಮೆರೂಷೆ ಮುಂದಿನ ಮಾರ್ಚಿಗೂ ಮಾತ್ರೆ ತರುತ್ತಿದ್ದಳು, ಕಾಲು ಒತ್ತುತ್ತಿದ್ದಳು, ದೊಡ್ಡಮ್ಮ ಎನ್ನುತ್ತಿದ್ದಳು. ಹಾವಾಳಿಗೆ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಸುಮ್ಮನಿರಬೇಕೆಂದೇ ಬಯಸಿದಳು. ಆ ಬಯಕೆಗೆ ಅವಳಿಗೇ ನಾಚಿಕೆಯಾಯಿತು.

ಟೇಪಿನ ಕೆಳಗಿನ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದಳು. 'ಒಬ್ಬ ತಾಯಿ, ೧೯೮೪. ಕುಟುಂಬದವರ ಕೋರಿಕೆಯಂತೆ ಹೆಸರುಗಳನ್ನು ಮರೆಮಾಡಿದೆ' ಎಂದು ಮೆರೂಷೆ ಓದಿದಳು. ಕುಟುಂಬದವರು ಯಾರು? ಕುಟುಂಬವೆಂದರೆ ತಾನಲ್ಲವೇ, ತಾನು ಕೋರಲಿಲ್ಲವಲ್ಲ. ಅಷ್ಟರಲ್ಲಿ ಮೇಲ್ವಿಚಾರಕ ಕೋಣೆಗೆ ಬಂದ. ಹಾವಾ ಅವನನ್ನೇ ಕೇಳಿದಳು.

ಅವನು ಹೇಳಬಹುದೋ ಇಲ್ಲವೋ ಎಂದು ಒಂದು ಗಳಿಗೆ ಯೋಚಿಸಿದ. ಸತ್ತ ಹುಡುಗನ ಸೋದರತ್ತೆಯಂತೆ, ಅಜ್ಜಿ, ಎಂದ. ನೇಯ್ಗೆ ಕಾರ್ಖಾನೆಯಲ್ಲಿದ್ದವರು, ಮಗ್ಗಕ್ಕೆ ಸಿಕ್ಕಿ ಎಡಗೈಯ ತೋರುಬೆರಳು ಅರ್ಧವೇ ಇದೆ. ಇದನ್ನು ಪ್ರದರ್ಶನಕ್ಕೆ ಇಡುತ್ತಾರೆಂದು ತಿಳಿದು ಓಡಿಬಂದು, ಹೆಸರು ಹಾಕಬೇಡಿ, ಟೇಪಿನಲ್ಲಿಯದನ್ನೂ ಅಳಿಸಿ ಎಂದು ಕೇಳಿಕೊಂಡರು. ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಬಂದು ಇದೊಂದನ್ನೇ ಕೇಳಿ ಹೋಗುತ್ತಾರೆ. ಈ ವರ್ಷ ಇನ್ನೂ ಬಂದಿಲ್ಲ.

"ಮನೇಲಿ ಯಂತ್ರ ಇದ್ದದ್ದು ಅವಳಿಗೆ ಯಾವಾಗ ಗೊತ್ತಾಯ್ತು?" ಹಾವಾಳ ದನಿ ಅವಳಿಗೇ ಕೇಳಿಸುವಂತಿರಲಿಲ್ಲ.

"ಆಗಲೇ. ಹಿಡಕೊಂಡು ಹೋಗಿ ಮೂರು ದಿನ ಕೂರಿಸಿದ್ರಂತೆ. ಆ ಅಧಿಕಾರಿ ಈ ಅಳುವನ್ನ ರಾಗದ ಸಮೇತ ಹಾಡಿ ತೋರಿಸಿದನಂತೆ, ಸರಿಯಾಗಿದೆಯಾ ಅಂತ." ಮೇಲ್ವಿಚಾರಕ ಹೆಡ್‌ಫೋನಿನ ತಂತಿಯ ಗಂಟು ಬಿಡಿಸುತ್ತ ಹೇಳಿದ. "ನಾನೂ ಕೇಳಿದ್ದೆ, ಆ ತಾಯಿಗೆ ತಿಳಿಸಬಾರದಾ ಅಂತ. ಅವಳಿಗೆ ನನ್ನ ಮೇಲೆ ಸಿಟ್ಟಿದೆ, ಆ ಸಿಟ್ಟಲ್ಲೇ ಇಷ್ಟು ದಿನ ಬದುಕಿದಾಳೆ, ಇರಲಿ ಬಿಡಪ್ಪ, ಅಂದ್ರು."

ಮೆರೂಷೆ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ನೇಯ್ಗೆ ಕಾರ್ಖಾನೆ ಎಂದಾಗಲೇ ಅವಳ ಮುಖ ಬದಲಾಗಿತ್ತು. ಇನ್ನೂ ಅರ್ಥವಾಗಿರಲಿಲ್ಲ, ಆಗುವುದು ಬೇಡವಾಗಿತ್ತು. ಹಾವಾ ಹೆಡ್‌ಫೋನನ್ನು ತೆಗೆದು ಅವಳತ್ತ ಚಾಚಿದಳು.

"ಕೇಳು."

"ಯಾರದು ದೊಡ್ಡಮ್ಮ?"

"ನಂದು."

ಮೆರೂಷೆ ನಿಂತೇ ಕೇಳಿದಳು, ಮೊದಲಿಂದ ಕೊನೆಯವರೆಗೆ. ಎರಡನೇ ಮೌನ ಬಂದಾಗ ಹಾವಾಳಿಗೆ ಅದು ಅವಳ ಮುಖದಲ್ಲೇ ಗೊತ್ತಾಯಿತು. ಮುಗಿದ ಮೇಲೆ ಹೆಡ್‌ಫೋನನ್ನು ಒರೆಸಿ, ತಂತಿ ಸುತ್ತಿ, ಮೊಳೆಗೆ ನೇತುಹಾಕಿದಳು. ಇಪ್ಪತ್ತೈದು ವರ್ಷ ಬೇರೆಯವರ ಮನೆಯ ಸಾಮಾನು ಒಪ್ಪವಾಗಿ ಎತ್ತಿಟ್ಟ ಕೈ. ಆಮೇಲೆ ಒಬ್ಬಳೇ ಮೆಟ್ಟಿಲಿಳಿದು ಹೊರಗೆ ಹೋದಳು.

ಹಾವಾ ಗೋಡೆ ಹಿಡಿದುಕೊಂಡು ಇಳಿಯುವಷ್ಟರಲ್ಲಿ ಅವಳು ಗೇಟಿನ ಹತ್ತಿರ ನಿಂತಿದ್ದಳು. ಬೀದಿಯ ಕಡೆ ಮುಖ ಮಾಡಿಯೇ ಮಾತಾಡಿದಳು.

"ನಮ್ಮಮ್ಮ ಸಾಯೋವಾಗ ಝೆನೆಪೆಗೆ ಶಾಪ ಹಾಕಿ ಸತ್ತಳು. ಮುಂಚಿನ ದಿನ ನೀನೇ ಅಮ್ಮನ ಬಾಯಿಗೆ ನೀರು ಬಿಟ್ಟಿದ್ದೆ."

"ನನಗೆ ಗೊತ್ತಿರಲಿಲ್ಲ ಮಗಳೇ."

"ಗೊತ್ತು, ನಿನಗೆ ಗೊತ್ತಿರಲಿಲ್ಲ. ಅದೇ ಕಷ್ಟ ಆಗಿರೋದು ನಂಗೆ." ಮೆರೂಷೆ ತನ್ನ ಚೀಲ ತೆಗೆದು ಅದರಿಂದ ಔಷಧಿಯ ಪೊಟ್ಟಣವೊಂದನ್ನು ಹುಡುಕಿ ಹಾವಾಳ ಕೋಟಿನ ಜೇಬಿಗೆ ತುರುಕಿದಳು. "ದಿನಕ್ಕೆರಡು. ಊಟ ಆದ್ಮೇಲೆ. ನಾನು ಸಂಜೆ ಬಸ್ಸಿಗೇ ಹೊರಡ್ತೀನಿ. ಬೀಗದ ಕೈ ಪಕ್ಕದ ಮನೇಲಿ ಕೊಟ್ಟಿರ್ತೀನಿ."

ದೊಡ್ಡಮ್ಮ ಎನ್ನಲಿಲ್ಲ. ರಸ್ತೆ ದಾಟಿ ಹೋದಳು. ಹಾವಾ ಅವಳನ್ನು ಕೂಗಲಿಲ್ಲ. ಯಾವ ಮುಖದಿಂದ ಕೂಗಬೇಕು?

ನೇಯ್ಗೆ ಕಾರ್ಖಾನೆಯ ಬಡಾವಣೆಗೆ ಹೋಗುವ ಬಸ್ಸು ತುಂಬಿತ್ತು. ಯಾರೋ ಎದ್ದು ಸೀಟು ಕೊಟ್ಟರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ, ನಿಲ್ದಾಣಕ್ಕೆ ಮಾತ್ರ ಇನ್ನೂ ಅದರದೇ ಹೆಸರು. ಝೆನೆಪೆಯ ಕಟ್ಟಡವನ್ನು ಹಾವಾ ಮರೆತಿರಲಿಲ್ಲ, ಮರೆಯದಂತೆ ದ್ವೇಷ ನೋಡಿಕೊಂಡಿತ್ತು. ಮೂರು ಮಹಡಿ ಹತ್ತಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಪ್ರತಿ ತಿರುವಿನಲ್ಲೂ ಕೂತಳು. ಇಲ್ಲೆಲ್ಲ ಜೆರಾಕ್ಸ್ ಅಂಟಿಸಬೇಕೆಂದು ಬೆಳಿಗ್ಗೆ ಮಾತಾಡಿದ್ದು, ಅದಕ್ಕೆ ತಾನು ನಕ್ಕದ್ದು ನೆನಪಾಯಿತು. ಒಂದು ತಿರುವಿನಲ್ಲಿ ಕೂತು ಅತ್ತಳು, ಹಾಡದೆ.

ಬಾಗಿಲು ತೆರೆದದ್ದು ಗಿಡ್ಡಗೆ, ಬೆನ್ನು ಬಾಗಿದ ಮುದುಕಿ. ಕೈಯಲ್ಲಿ ಸಿಪ್ಪೆ ತೆಗೆಯುತ್ತಿದ್ದ ಆಲೂಗಡ್ಡೆ. ಅವಳು ಹಾವಾಳನ್ನು ನೋಡಿದಳು, ಅವಳ ಹಿಂದೆ ಮೆಟ್ಟಿಲಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದೂ ನೋಡಿದಳು.

"ಅತ್ತಿಗೆ," ಎಂದಳು.

ಹಾವಾ ಝೆನೆಪೆಯ ಎಡಗೈ ಹಿಡಿದು ತಿರುಗಿಸಿ ನೋಡಿದಳು. ತುಂಡು ಬೆರಳಿನ ಕೆಳಗೆ, ಅಂಗೈಯ ಅಂಚಿನಲ್ಲಿ, ಹಲ್ಲಿನ ಗುರುತು ಇನ್ನೂ ಇದೆಯೋ ಎಂದು. ಇರಲಿಲ್ಲ. ಬರೀ ಸುಕ್ಕು. ಝೆನೆಪೆಗೆ ಅಷ್ಟರಲ್ಲೇ ಎಲ್ಲ ತಿಳಿಯಿತು. ಕೈ ಬಿಡಿಸಿಕೊಳ್ಳದೆ, ಹಾಗೆಯೇ ಹಿಡಿಸಿಕೊಂಡು, ಅತ್ತಿಗೆಯನ್ನು ಅಡಿಗೆಮನೆಗೆ ಕರೆದುಕೊಂಡು ಹೋದಳು.

ಅಲ್ಲಿ ಒಂದೇ ಕುರ್ಚಿಯಿತ್ತು. ಈ ಮನೆಗೆ ಯಾರೂ ಬರುವುದಿಲ್ಲವೆಂದು ಅದನ್ನು ನೋಡಿಯೇ ಗೊತ್ತಾಗುವಂತಿತ್ತು. ಝೆನೆಪೆ ಒಳಗಿನಿಂದ ಒಂದು ಸ್ಟೂಲು ತಂದಳು. ಕಾಫಿಗೆ ಇಟ್ಟಳು, ಸಕ್ಕರೆ ಎಷ್ಟೆಂದು ಕೇಳಲಿಲ್ಲ. ಒಂದು ಬಟ್ಟಲಿಗೆ ಎರಡು ಚಮಚ ಹಾಕಿದಳು. ಹಾವಾ ಆಗಲೂ ಎರಡೇ ಹಾಕಿಕೊಳ್ಳುತ್ತಿದ್ದದ್ದು.

"ಝೆನೆಪೆ," ಎಂದಳು ಹಾವಾ ಕೊನೆಗೆ. "ಆ ದಿನ ನಾನು..."

ಝೆನೆಪೆ ತಟ್ಟನೆ ಕೈಯೆತ್ತಿ ಅವಳನ್ನು ತಡೆದಳು. ಎದ್ದುಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಕೆಳಗೆ ಬಕೆಟ್ಟಿರಲಿಲ್ಲ, ಪಾತ್ರೆಯಿರಲಿಲ್ಲ. ನೀರು ಧಾರೆಯಾಗಿ ಬಂದು ತೊಟ್ಟಿಯ ತಗಡಿಗೆ ಬಡಿಯತೊಡಗಿತು. ಅವಳು ಸ್ಟೂಲನ್ನು ಅತ್ತಿಗೆಯ ಮಂಡಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತಳು.

"ಈಗ ಹೇಳು ಅತ್ತಿಗೆ," ಎಂದಳು.

ನೀರು ಬೀಳುತ್ತಲೇ ಇತ್ತು.